ಫಲನ: ಒಂದು ಗಣಿತ ಪರಿಕಲ್ಪನೆಯ ಇತಿಹಾಸ

ಒಂದು ಗಣದ ಪ್ರತಿಯೊಂದು ಅಂಶಕ್ಕೂ ಇನ್ನೊಂದು ಗಣದ ಒಂದೇ ಒಂದು ಅಂಶವನ್ನು ಗೊತ್ತುಮಾಡುವ ನಿಯಮವೇ ಫಲನ. ಉತ್ಪನ್ನ, ಫಂಕ್ಷನ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಶಾಲೆಯ ಬೀಜಗಣಿತದಲ್ಲಿ ಇದು ಕೋಷ್ಟಕ, ನಕ್ಷೆ, ಸೂತ್ರ, ನಿಯಮ ಎಂಬ ನಾಲ್ಕು ರೂಪಗಳಲ್ಲಿ ಕಾಣಿಸುತ್ತದೆ. ಈ ನಾಲ್ಕೂ ಬೇರೆ ಬೇರೆ ಕಾಲದಲ್ಲಿ ರೂಪುಗೊಂಡವು; ಮೇಲಿನ ವ್ಯಾಖ್ಯೆ ಎಲ್ಲಕ್ಕಿಂತ ಕೊನೆಗೆ ಬಂದದ್ದು.

ಕೋಷ್ಟಕ

ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕಗಳಲ್ಲಿ ವರ್ಗಗಳ ಮತ್ತು ವ್ಯುತ್ಕ್ರಮಗಳ ಪಟ್ಟಿಗಳಿವೆ. ಕ್ರಿ.ಶ. 2ನೆಯ ಶತಮಾನದಲ್ಲಿ ಟಾಲೆಮಿ ಅರ್ಧ ಡಿಗ್ರಿ ಅಂತರದಲ್ಲಿ ವೃತ್ತದ ಜ್ಯಾಗಳ ಕೋಷ್ಟಕ ಕೊಟ್ಟ. ಆರ್ಯಭಟ 499ರ ಸುಮಾರಿಗೆ ರಚಿಸಿದ ‘ಆರ್ಯಭಟೀಯ’ದಲ್ಲಿ 24 ಅರ್ಧಜ್ಯಾಗಳನ್ನು ನೇರವಾಗಿ ಹೇಳದೆ, ಒಂದರಿಂದ ಮುಂದಿನದಕ್ಕೆ ಇರುವ ವ್ಯತ್ಯಾಸಗಳನ್ನು ಕೊಟ್ಟಿದ್ದಾನೆ. ಅವು 225, 224, 222 ಎಂದು ತೊಡಗಿ 7ಕ್ಕೆ ಇಳಿಯುತ್ತವೆ. ಬೆಲೆ ಏರುತ್ತಲೇ ಇದೆ, ಆದರೆ ಏರುವ ದರ ಕುಗ್ಗುತ್ತಿದೆ ಎಂಬ ಫಲನದ ಲಕ್ಷಣ ಆ ಅಂಕಿಗಳಲ್ಲೇ ಎದ್ದು ಕಾಣುತ್ತದೆ.

7ನೆಯ ಶತಮಾನದಲ್ಲಿ ಒಂದನೆಯ ಭಾಸ್ಕರ ಕೋಷ್ಟಕವೇ ಬೇಡದ ಒಂದು ಸೂತ್ರ ಕೊಟ್ಟ. ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಅದೇ ಕೋನದಿಂದ ಗುಣಿಸಬೇಕು. ಈ ಗುಣಲಬ್ಧದ ನಾಲ್ಕರಷ್ಟನ್ನು, 40,500ರಿಂದ ಅದೇ ಗುಣಲಬ್ಧವನ್ನು ಕಳೆದು ಬಂದದ್ದರಿಂದ ಭಾಗಿಸಿದರೆ, ಅರ್ಧಜ್ಯಾದ ಇಂದಿನ ರೂಪವಾದ ಸೈನ್‌ನ ಸರಿಸುಮಾರು ಬೆಲೆ ಸಿಗುತ್ತದೆ. 30 ಡಿಗ್ರಿಗೆ ಗುಣಲಬ್ಧ 4,500. 18,000ವನ್ನು 36,000ದಿಂದ ಭಾಗಿಸಿದರೆ ಸರಿಯಾಗಿ ಅರ್ಧ. 45 ಡಿಗ್ರಿಗೆ 0.7059 ಬರುತ್ತದೆ, ನಿಜ ಬೆಲೆ 0.7071.

ನಕ್ಷೆ ಮತ್ತು ಸೂತ್ರ

14ನೆಯ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕಾಲವನ್ನು ಅಡ್ಡಗೆರೆಯಲ್ಲೂ ವೇಗವನ್ನು ಲಂಬಗೆರೆಗಳಲ್ಲೂ ಚಿತ್ರಿಸಿದ. 1637ರಲ್ಲಿ ಡೆಕಾರ್ಟ್ ವಕ್ರರೇಖೆಯನ್ನು ಸಮೀಕರಣದೊಡನೆ ಬೆಸೆದ. ‘ಫಂಕ್ಷನ್’ ಎಂಬ ಪದವನ್ನು ಗಣಿತಕ್ಕೆ ತಂದವನು ಲೈಬ್ನಿಟ್ಸ್. ಚರ ಮತ್ತು ಸ್ಥಿರ ಪರಿಮಾಣಗಳಿಂದ ಕಟ್ಟಿದ ರಾಶಿಯೇ ಫಲನ ಎಂದು 1718ರಲ್ಲಿ ಯೋಹಾನ್ ಬರ್ನೂಲಿ ವ್ಯಾಖ್ಯಾನಿಸಿದ. ಆಯ್ಲರ್ 1748ರ ಗ್ರಂಥದಲ್ಲಿ ಫಲನವನ್ನೇ ಇಡೀ ವಿಶ್ಲೇಷಣ ಗಣಿತದ ತಳಹದಿಯಾಗಿಸಿದ.

ನಿಯಮ

ಫಲನಕ್ಕೆ ಒಂದು ಸೂತ್ರ ಇರಲೇಬೇಕೆ? ಮೀಟಿದ ತಂತಿಯ ಕಂಪನದ ಬಗ್ಗೆ ಡಾಲಂಬರ್ ಮತ್ತು ಆಯ್ಲರ್ ನಡುವೆ ನಡೆದ ವಾದ ಈ ಪ್ರಶ್ನೆಯನ್ನು ಎತ್ತಿತು. ಬೆರಳಿನಿಂದ ಎಳೆದು ಹಿಡಿದ ತಂತಿ ಮೂಲೆಯುಳ್ಳ ಆಕಾರ ತಳೆಯುತ್ತದೆ. ಅದನ್ನು ಒಂದೇ ಸೂತ್ರದಲ್ಲಿ ಬರೆಯುವುದು ಹೇಗೆಂದು ಆಗ ತಿಳಿದಿರಲಿಲ್ಲ. ಫುರಿಯೆ 1822ರಲ್ಲಿ ಪ್ರಕಟಿಸಿದ ಉಷ್ಣಸಿದ್ಧಾಂತ ಈ ಚರ್ಚೆಗೆ ಇನ್ನಷ್ಟು ಬಲ ಕೊಟ್ಟಿತು. 1829ರಲ್ಲಿ ಡಿರಿಶ್ಲೆ ಭಾಗಲಬ್ಧ ಸಂಖ್ಯೆಗಳಿಗೆ ಒಂದು ಬೆಲೆ, ಅಭಾಗಲಬ್ಧ ಸಂಖ್ಯೆಗಳಿಗೆ ಇನ್ನೊಂದು ಬೆಲೆ ಕೊಡುವ ಫಲನವನ್ನು ಮುಂದಿಟ್ಟ. ಅದರ ನಕ್ಷೆಯನ್ನು ಯಾರೂ ಎಳೆಯಲಾರರು; ನಿಯಮ ಮಾತ್ರ ನಿಚ್ಚಳ. ಡೆಡೆಕಿಂಡ್ 1888ರಲ್ಲಿ ಫಲನವನ್ನು ಗಣಗಳ ನಡುವಿನ ಹೊಂದಾಣಿಕೆಯಾಗಿ ವಿವರಿಸಿದ. 20ನೆಯ ಶತಮಾನದಲ್ಲಿ ಫಲನವೆಂದರೆ ಕ್ರಮಯುಗ್ಮಗಳ ಗಣ ಎಂಬ ಭಾಷೆ ನೆಲೆಗೊಂಡಿತು.

ಶಾಲೆಯಲ್ಲಿ ಫಲನ

ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಪ್ರೇರಣೆಯಿಂದ ರೂಪುಗೊಂಡ 1905ರ ಮೆರಾನ್ ಪಠ್ಯಕ್ರಮ, ಫಲನಾತ್ಮಕ ಚಿಂತನೆಯನ್ನು ಶಾಲಾಗಣಿತದ ಕೇಂದ್ರಕ್ಕೆ ತಂದಿತು. 1960ರ ದಶಕದ ‘ಹೊಸ ಗಣಿತ’ ಚಳವಳಿ ಗಣಗಳ ಭಾಷೆಯನ್ನು ತರಗತಿಗೆ ಒಯ್ದಿತು. ಅಮೆರಿಕದಲ್ಲಿ 2010ರ ಕಾಮನ್ ಕೋರ್ ಮಾನದಂಡಗಳು ಫಲನಗಳಿಗೆ ಪ್ರೌಢಶಾಲಾ ಗಣಿತದಲ್ಲಿ ಪ್ರತ್ಯೇಕ ವಿಭಾಗವನ್ನೇ ಕೊಟ್ಟವು. ಕರ್ನಾಟಕದ ವಿದ್ಯಾರ್ಥಿ ಹತ್ತನೆಯ ತರಗತಿಯಲ್ಲಿ ಬಹುಪದೋಕ್ತಿಯ ಶೂನ್ಯತೆಗಳನ್ನು, ಅಂದರೆ ಅದರ ಬೆಲೆ ಸೊನ್ನೆಯಾಗುವ ಸಂಖ್ಯೆಗಳನ್ನು, ನಕ್ಷೆಯಲ್ಲಿ ಗುರುತಿಸುತ್ತಾನೆ. ಫಲನದ ವಿಧಿವತ್ತಾದ ವ್ಯಾಖ್ಯೆ ಪ್ರಥಮ ಪಿಯುಸಿಯಲ್ಲಿ ಎದುರಾಗುತ್ತದೆ.

ಫಲನವನ್ನು ಅರಿಯುವುದೆಂದರೆ ಅದರ ಲಕ್ಷಣಗಳನ್ನು ಓದುವುದು. ಒಂದು ಸಂಖ್ಯೆಯ ವರ್ಗದಿಂದ ಅದರ ನಾಲ್ಕರಷ್ಟನ್ನು ಕಳೆದು 3 ಕೂಡಿಸುವ ಫಲನದ ನಕ್ಷೆ ಒಂದು ಪರವಲಯ. ಅದರ ಶೂನ್ಯತೆಗಳು 1 ಮತ್ತು 3. 2ರವರೆಗೆ ಅದು ಇಳಿದು ಕನಿಷ್ಠ ಬೆಲೆಯಾದ –1 ಮುಟ್ಟುತ್ತದೆ, ಅಲ್ಲಿಂದ ಏರುತ್ತದೆ. ಆದ್ದರಿಂದ ಬೆಲೆಗಳ ವ್ಯಾಪ್ತಿ –1 ಮತ್ತು ಅದಕ್ಕಿಂತ ಹೆಚ್ಚಿನ ಎಲ್ಲ ಸಂಖ್ಯೆಗಳು. ಯಾವ ಲಂಬರೇಖೆಯೂ ನಕ್ಷೆಯನ್ನು ಒಂದಕ್ಕಿಂತ ಹೆಚ್ಚು ಕಡೆ ಕತ್ತರಿಸಬಾರದೆಂಬ ಪರೀಕ್ಷೆಯಲ್ಲೂ ಇದು ಗೆಲ್ಲುತ್ತದೆ. ಒಂದು ಬೆಲೆಗೆ ಒಂದೇ ಫಲ ಎಂಬ ವ್ಯಾಖ್ಯೆಯನ್ನು ಕಣ್ಣಿಗೆ ಕಾಣಿಸುವ ವಿಧಾನವೇ ಈ ಪರೀಕ್ಷೆ.