ಧ್ವನಿಪುಸ್ತಕದ ವಾಚನಕಲೆ: ಪ್ರಕಾರಭೇದ ಮತ್ತು ಗಮಕ ಪರಂಪರೆ

ಥಾಮಸ್ ಆಲ್ವಾ ಎಡಿಸನ್ ೧೮೭೭ರಲ್ಲಿ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದನು. ಮರುವರ್ಷ ಆ ಯಂತ್ರದ ಭವಿಷ್ಯವನ್ನು ಕುರಿತು ಬರೆದ ಲೇಖನದಲ್ಲಿ ಅದರ ಉಪಯೋಗಗಳನ್ನು ಪಟ್ಟಿಮಾಡುತ್ತ, ಅಂಧರಿಗೆ ತಾನಾಗಿಯೇ ಓದಿ ಹೇಳುವ ಪುಸ್ತಕವನ್ನೂ ಅವುಗಳಲ್ಲಿ ಸೇರಿಸಿದ್ದನು. ಅಂದಿನ ಯಂತ್ರ ಕೆಲವೇ ನಿಮಿಷಗಳ ಧ್ವನಿಯನ್ನು ಹಿಡಿದಿಡಬಲ್ಲದಾಗಿದ್ದುದರಿಂದ ಈ ಕಲ್ಪನೆ ಕೈಗೂಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಂಧರಿಗಾಗಿ ಧ್ವನಿಪುಸ್ತಕಗಳ ವಿತರಣೆ ಅಮೆರಿಕದಲ್ಲಿ ೧೯೩೪ರಲ್ಲಿಯೂ ಬ್ರಿಟನ್ನಿನಲ್ಲಿ ೧೯೩೫ರಲ್ಲಿಯೂ ಆರಂಭವಾಯಿತು. ಬ್ರಿಟನ್ನಿನ ಯೋಜನೆಗೆ ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರ ಸ್ಥಿತಿ ಮುಖ್ಯ ಪ್ರೇರಣೆಯಾಗಿತ್ತು. ಪ್ರಾಯಕ್ಕೆ ಬಂದ ಮೇಲೆ ಬ್ರೈಲ್ ಲಿಪಿಯನ್ನು ಬೆರಳಿಗೆ ರೂಢಿಸಿಕೊಳ್ಳುವುದು ಅವರಲ್ಲಿ ಹಲವರಿಗೆ ಸಾಧ್ಯವಾಗಿರಲಿಲ್ಲ.

ಬ್ರಿಟನ್ನಿನಲ್ಲಿ ಮೊದಲು ಹೊರಬಂದ ಧ್ವನಿಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಮತ್ತು ಜೋಸೆಫ್ ಕಾನ್ರಾಡನ ‘ಟೈಫೂನ್’ ಸೇರಿದ್ದವು. ವಾಚನಕಲೆಯ ದೃಷ್ಟಿಯಿಂದ ಈ ಆಯ್ಕೆ ಗಮನಾರ್ಹವಾದುದು. ಮೊದಲನೆಯದರಲ್ಲಿ ಕಥೆ ಹೇಳುವ ವೈದ್ಯನೇ ಕೊಲೆಗಾರ. ಆ ಗುಟ್ಟು ಕೊನೆಯವರೆಗೂ ಬಯಲಾಗಬಾರದು. ವಾಚಕನ ಕಂಠದಲ್ಲಿ ಎಲ್ಲಿಯಾದರೂ ಒಂದು ಅನಗತ್ಯವಾದ ತಡವರಿಕೆ ಕಾಣಿಸಿಕೊಂಡರೆ ಲೇಖಕಿ ಕಟ್ಟಿದ ವ್ಯೂಹವೇ ಕುಸಿಯುತ್ತದೆ. ಎರಡನೆಯದು ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ; ಅದರ ಕಪ್ತಾನ ಮಿತಭಾಷಿ. ಗಾಳಿಯ ಅಬ್ಬರವನ್ನೆಲ್ಲ ದೀರ್ಘ ವಾಕ್ಯಗಳೇ ಹೊತ್ತಿರುವಾಗ ವಾಚಕ ತಾನೂ ಅಬ್ಬರಿಸಿದರೆ ಕಪ್ತಾನನ ಮೌನಕ್ಕೆ ಬೆಲೆಯಿರುವುದಿಲ್ಲ.

ವಾಚಕ ಎಷ್ಟರಮಟ್ಟಿಗೆ ಅಭಿನಯಿಸಬಹುದು ಎಂಬ ಚರ್ಚೆ ಈ ಕಾಲದಿಂದಲೇ ತೊಡಗಿತು. ಪಾತ್ರಕ್ಕೊಂದು ದನಿ ಬೇಕೆಂಬವರೂ, ಓದು ನಾಟಕವಾಗಬಾರದೆಂಬವರೂ ಅಂಧ ಕೇಳುಗರಲ್ಲಿಯೇ ಇದ್ದರು. ಎರಡನೆಯ ಪಕ್ಷದವರದು ಕೇವಲ ಅಭಿರುಚಿಯ ಮಾತಲ್ಲ. ಕಣ್ಣುಳ್ಳ ಓದುಗ ಒಂದು ವಾಕ್ಯವನ್ನು ವ್ಯಂಗ್ಯವೆಂದೋ ವಿಷಾದವೆಂದೋ ತಾನೇ ತೀರ್ಮಾನಿಸುತ್ತಾನೆ. ಸಂದೇಹ ಬಂದರೆ ಪುಟ ತಿರುಗಿಸುತ್ತಾನೆ. ಅಂಧ ಕೇಳುಗನ ಪಾಲಿಗೆ ಆ ತೀರ್ಮಾನವನ್ನು ಇನ್ನೊಬ್ಬರು ಮೊದಲೇ ಮಾಡಿ ಮುಗಿಸಿರುತ್ತಾರೆ. ಇತಿಹಾಸ, ವಿಜ್ಞಾನ ಮೊದಲಾದ ಶಾಸ್ತ್ರಗ್ರಂಥಗಳಲ್ಲಿ ಈ ತೊಡಕು ಕಡಿಮೆ, ಕಥನಸಾಹಿತ್ಯದಲ್ಲಿ ತಪ್ಪಿಸಿಕೊಳ್ಳುವಂತಿಲ್ಲ.

ಕನ್ನಡದ ಗಮಕ ಪರಂಪರೆ ಈ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿಕೊಂಡಿತ್ತು. ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಟ್ಟಿಗೆ ಹೆಸರಿಸುವ ರೂಢಿ ಪ್ರಾಚೀನವಾದುದು. ಗಮಕ ಗೋಷ್ಠಿಯಲ್ಲಿ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಅರ್ಥ ಬಿಡಿಸುವ ಹೊಣೆ ಪಕ್ಕದಲ್ಲಿ ಕುಳಿತವರಿಗೆ ಸೇರಿದ್ದರಿಂದ ಗಮಕಿ ಪದ್ಯವನ್ನು ಪದ್ಯವಾಗಿಯೇ ಕೇಳಿಸಬಲ್ಲವನಾಗಿದ್ದನು. ಹಾಗೆಂದು ಅವನ ಕೆಲಸ ಯಾಂತ್ರಿಕವಾದುದಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಲ್ಲಿ ಸಾಗುತ್ತದೆ; ವಾಕ್ಯವಾದರೋ ಎಷ್ಟೋ ಕಡೆ ಪಾದದ ಅಂಚನ್ನು ದಾಟಿ ಮುಂದಿನ ಪಾದದ ನಡುವೆ ನಿಲ್ಲುತ್ತದೆ. ಛಂದಸ್ಸಿಗೆ ಕಟ್ಟುಬಿದ್ದರೆ ಅರ್ಥ ತುಂಡಾಗುತ್ತದೆ, ಅರ್ಥಕ್ಕೆ ಮಾತ್ರ ಕಿವಿಗೊಟ್ಟರೆ ಲಯ ಕೆಡುತ್ತದೆ. ಗಮಕಿ ತಾಳದ ಕಟ್ಟಿಗೆ ಒಳಗಾಗದೆ, ಪದಚ್ಛೇದವನ್ನು ಅರಿತು, ಸಂದರ್ಭಕ್ಕೆ ತಕ್ಕ ರಾಗದಲ್ಲಿ ಇವೆರಡನ್ನೂ ಹೊಂದಿಸುತ್ತಾನೆ. ಐದು ಮಾತ್ರೆಗಳ ಗಣಗಳ ವಾರ್ಧಕದಲ್ಲಿರುವ ಲಕ್ಷ್ಮೀಶನ ಜೈಮಿನಿ ಭಾರತಕ್ಕೆ ನಡಿಗೆಯೇ ಬೇರೆ, ರತ್ನಾಕರವರ್ಣಿಯ ಸಾಂಗತ್ಯಕ್ಕೆ ಮತ್ತೂ ಬೇರೆ. ಈ ಕಲೆಗಾಗಿ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು.

ಪದ್ಯಕ್ಕೆ ಇಷ್ಟು ಸೂಕ್ಷ್ಮವಾದ ಶಿಸ್ತನ್ನು ಬೆಳೆಸಿಕೊಂಡ ಕನ್ನಡದಲ್ಲಿ ಗದ್ಯವಾಚನಕ್ಕೆ ಅಂಥ ಶಾಸ್ತ್ರ ಬೆಳೆಯಲಿಲ್ಲ. ಬ್ರಿಟನ್ನಿನಲ್ಲಿ ಧ್ವನಿಪುಸ್ತಕ ಹೊರಬಂದ ೧೯೩೫ರಲ್ಲಿಯೇ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದರು. ಗದ್ಯವನ್ನು ಓದಿ ಕೇಳಿಸುವ ರೀತಿ ಹೆಚ್ಚಾಗಿ ರೂಪುಗೊಂಡದ್ದು ಬಾನುಲಿಯಲ್ಲಿ, ವಾರ್ತೆ ಮತ್ತು ಭಾಷಣಗಳ ಮೂಲಕ. ಅದರ ಉಚ್ಚಾರಣೆ ಸ್ವಚ್ಛ, ಗತಿ ಸಮ. ಪ್ರಬಂಧಕ್ಕೂ ಚರಿತ್ರೆಗೂ ಅದು ಒಗ್ಗುತ್ತದೆ. ಕಾದಂಬರಿಗೆ, ವಿಶೇಷವಾಗಿ ಪ್ರಾದೇಶಿಕ ಆಡುಮಾತಿನ ಕಾದಂಬರಿಗೆ, ಒಗ್ಗುವುದು ಕಷ್ಟ. ಇಲ್ಲಿ ವ್ಯಾಖ್ಯಾನಕಾರನೂ ಇಲ್ಲ. ಆದ್ದರಿಂದ ಧ್ವನಿಪುಸ್ತಕದ ವಾಚಕ ವ್ಯಾಖ್ಯಾನವನ್ನೆಲ್ಲ ತನ್ನ ಸ್ವರದೊಳಗೇ ತುಂಬಲು ಹೊರಡುವುದುಂಟು. ಅತಿಯಾದ ಭಾವಾಭಿನಯದ ಮೂಲ ಬಹುಮಟ್ಟಿಗೆ ಇದೇ.

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (೧೯೮೪) ಇದಕ್ಕೆ ಒಳ್ಳೆಯ ನಿದರ್ಶನ. ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ಈ ಕೃತಿಯನ್ನು ಅಚ್ಚಿನಲ್ಲಿ ಓದುವಾಗ ಬೇರೆ ಸೀಮೆಯ ಓದುಗರು ಎಡವಿದ್ದುಂಟು. ಬಾನುಲಿಯ ಶಿಷ್ಟ ಉಚ್ಚಾರಣೆಗೆ ತಿದ್ದಿ ಓದಿದರೆ ಎಡವುವುದು ತಪ್ಪೀತು. ಜೊತೆಗೆ ಕೃತಿಯೂ ತಪ್ಪಿಹೋದೀತು. ಹಳಗನ್ನಡ ವಿದ್ವಾಂಸರಾದ ಎಲ್. ಬಸವರಾಜು ಅವರು ಇದರ ಗದ್ಯವನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿದರು. ಉಸಿರು ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದು ಆ ಜೋಡಣೆಯಲ್ಲಿ ಕಣ್ಣಿಗೇ ಕಾಣುತ್ತದೆ.