ಕತ್ತಲಲ್ಲಿ ಕಾದು ನಿಂತ ಟ್ರೈಪಾಡು

ರೈಲಿನ ಫೋಟೋ ಹುಚ್ಚಿರೋರನ್ನ ಟ್ರೈಪಾಡ್ ಯಾಕೆ ಅಂತ ಕೇಳಿ ನೋಡಿ. ಶಟರ್ ನಿಧಾನ ಇದ್ರೆ ಕೈ ಅಲ್ಲಾಡುತ್ತೆ, ಅದಕ್ಕೆ ಅಂತಾರೆ. ಸರಿ, ಹಾಗಾದ್ರೆ ಫ್ಲಾಶ್ ಬೆಳಕಲ್ಲಿ, ಸೆಕೆಂಡಿನ ಚಿಕ್ಕ ತುಣುಕಲ್ಲಿ ಫೋಟೋ ಹೊಡೆಯೋನಿಗೆ ಅದ್ಯಾಕೆ ಬೇಕು?

ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಅವರ ಚಿತ್ರಗಳನ್ನ ನೋಡೋವಾಗ ನನ್ನ ತಲೆಗೆ ಬಂದ ಪ್ರಶ್ನೆ ಇದು. ಲಿಂಕ್ ಓದಿದ್ದು ಸಿವಿಲ್ ಇಂಜಿನಿಯರಿಂಗ್ (ನಮ್ಮ ಪೈಕಿಯೇ :) ), ಹೊಟ್ಟೆಪಾಡಿಗೆ ಮಾಡ್ತಿದ್ದಿದ್ದು ನ್ಯೂಯಾರ್ಕಿನಲ್ಲಿ ಜಾಹೀರಾತಿನ ಫೋಟೋ ಕೆಲಸ. 1955ರ ಜನವರಿಯಲ್ಲಿ ವರ್ಜೀನಿಯಾಕ್ಕೆ ಹೋದಾಗ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಉಗಿ ಇಂಜಿನ್ನುಗಳ ಬೆನ್ನು ಹತ್ತಿದರು. ಉಳಿದ ದೊಡ್ಡ ಕಂಪನಿಗಳು ಡೀಸೆಲ್ ಕಡೆ ಹೊರಳಿದ್ದವು. ಇಲ್ಲೂ ಉಗಿಗೆ ಹೆಚ್ಚು ದಿನ ಇರಲಿಲ್ಲ, 1960ರಲ್ಲಿ ಮುಗಿದೇ ಹೋಯ್ತು. ಅಷ್ಟರಲ್ಲಿ ಲಿಂಕ್ ತೆಗೆದದ್ದು ಸುಮಾರು 2,400 ಚಿತ್ರ. ಹೆಸರಾದವು ಹೆಚ್ಚಾಗಿ ರಾತ್ರಿಯವೇ. ಸೂರ್ಯನನ್ನೂ ಜರುಗಿಸೋಕಾಗಲ್ಲ, ಹಳಿಯನ್ನೂ ಜರುಗಿಸೋಕಾಗಲ್ಲ, ಕತ್ತಲಲ್ಲಾದ್ರೆ ಬೆಳಕಾದ್ರೂ ನಮ್ಮ ಕೈಲಿರುತ್ತೆ ಅನ್ನೋದು ಅವರ ವಾದ.

ಈಗ ಟ್ರೈಪಾಡಿಗೆ ಬರೋಣ. ಅವರದ್ದು 4×5 ಇಂಚಿನ ಫಿಲ್ಮ್ ಹಾಳೆ ಹಾಕೋ ವ್ಯೂ ಕ್ಯಾಮೆರಾ. ಅದರ ಹಿಂದಿರೋ ಮಸುಕು ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತೆ. ಅದನ್ನ ನೋಡಿ ಚೌಕಟ್ಟು, ಫೋಕಸ್ ಎಲ್ಲ ಹೊಂದಿಸ್ಕೋಬೇಕು. ಆಮೇಲೆ ಅದೇ ಜಾಗಕ್ಕೆ ಫಿಲ್ಮ್ ಹೋಲ್ಡರ್ ತೂರಿಸಿದ್ರೆ ಗಾಜು ಮುಚ್ಚಿಹೋಗುತ್ತೆ... ಅಲ್ಲಿಂದಾಚೆ ಫೋಟೋಗ್ರಾಫರ್ ಕುರುಡ! ರೈಲು ಬರೋವರೆಗೆ ಕ್ಯಾಮೆರಾ ಒಂದಿಂಚೂ ಕದಲಬಾರದು. ಅಂದ್ರೆ ಆ ಮೂರು ಕಾಲು ಕೈನಡುಕ ತಪ್ಪಿಸೋಕಲ್ಲ, ಮೊದಲೇ ಮಾಡಿಟ್ಟ ಲೆಕ್ಕ ಕೆಡದ ಹಾಗೆ ಹಿಡಿದಿಡೋಕೆ. ಕೆಲವು ಸಲ ಇಂಥ ಮೂರು ಕ್ಯಾಮೆರಾ ಒಟ್ಟಿಗೇ ನಿಲ್ತಿದ್ದವು. ಫ್ಲಾಶ್ ಬಲ್ಬು ಒಂದೇ ಸಲ ಉರಿಯೋದು. ಆ ರೈಲಿಗೆ ಅದೊಂದೇ ಅವಕಾಶ.

1956ರ ಆಗಸ್ಟ್ 2ರ ರಾತ್ರಿ ವೆಸ್ಟ್ ವರ್ಜೀನಿಯಾದ ಯೇಗರ್ ಅನ್ನೋ ಊರಲ್ಲಿ ತೆಗೆದ 'ಹಾಟ್‌ಶಾಟ್ ಈಸ್ಟ್‌ಬೌಂಡ್' ನೀವೂ ಎಲ್ಲೋ ನೋಡಿರ್ತೀರಿ. ಕಾರಲ್ಲೇ ಕೂತು ಸಿನಿಮಾ ನೋಡೋ ಬಯಲು ಥಿಯೇಟರ್, ಮುಂದೆ ಲಿಂಕ್ ಅವರದ್ದೇ ಬ್ಯೂಕ್ ಕಾರಲ್ಲಿ ಕೂತ ಜೋಡಿ, ಪರದೆ ಮೇಲೆ ವಿಮಾನ, ಪಕ್ಕದಲ್ಲಿ ಬೆಳ್ಳನೆ ಹೊಗೆ ಉಗುಳ್ತಾ ಹೋಗೋ ಗೂಡ್ಸ್ ರೈಲು. ಇದಕ್ಕೆ ಸುಟ್ಟಿದ್ದು 43 ಬಲ್ಬು!

ಒಂದು ಗುಟ್ಟಿದೆ. ಅಷ್ಟು ಬೆಳಕಿಗೆ ಸಿನಿಮಾ ಪರದೆ ಬರೀ ಬಿಳಿಯಾಗಿಬಿಟ್ಟಿತ್ತು. ಆ ವಿಮಾನವನ್ನ ಇನ್ನೊಂದು ನೆಗೆಟಿವ್‌ನಿಂದ ತಂದು ಕೂರಿಸಿದ್ದು. ಫೋಟೋಶಾಪ್ ಹುಟ್ಟೋಕೆ ಮೂವತ್ತು ವರ್ಷ ಮೊದಲೇ :) ಇದನ್ನ ಮೋಸ ಅನ್ನೋಕೆ ನನಗೆ ಮನಸ್ಸಿಲ್ಲ. ರೈಲು, ಹೊಗೆ, ಕಾರು ಎಲ್ಲ ಒಂದೇ ಕ್ಷಣದ್ದು, ವಿಮಾನ ಮಾತ್ರ ಎರವಲು. ನೀವೇನಂತೀರಿ?