ಮಡ್ಕಯಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಚಿಕ್ಕ ಮಕ್ಕಳನ್ನು ಅಂಗನವಾಡಿಗೆ ಸೇರಿಸುವ ಬಗ್ಗೆ



ಮಡ್ಕಯಿ ಕೈಗಾರಿಕಾ ವಸಾಹತಿನ ಕೆಲಸಕ್ಕೆಂದು ನಮ್ಮ ಉತ್ತರ ಕರ್ನಾಟಕದ ಕಡೆಯಿಂದ ಬರುವ ಕುಟುಂಬಗಳು ಮೊದಲು ವಿಚಾರಿಸುವುದು ಬಾಡಿಗೆ ಖೋಲಿ, ಆಮೇಲೆ ಗ್ಯಾಸ್ ಸಿಲಿಂಡರು. ಮೂರು-ನಾಲ್ಕು ವರ್ಷದ ಕೂಸನ್ನು ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆ ಬರುವ ಹೊತ್ತಿಗೆ ಆರು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಆ ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ. ಚಿಕ್ಕದನ್ನು ಸೇರಿಸದಿದ್ದರೆ ದೊಡ್ಡದರ ಓದೂ ಕೆಡುತ್ತದೆ. ಬಂದ ಮೊದಲ ತಿಂಗಳಲ್ಲೇ ಸೇರಿಸಿ ಎಂದು ನಾವು ಒತ್ತಿ ಹೇಳುವುದು ಅದಕ್ಕೇ.

ಅಂಗನವಾಡಿ ಎಂದರೆ ಯಾವುದೋ ಒಂದು ರಾಜ್ಯದ ಯೋಜನೆಯಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಕೇಂದ್ರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯೇ ಇಲ್ಲೂ ನಡೆಯುವುದು. ಗೋವಾದಲ್ಲಿ ಅದನ್ನು ನೋಡಿಕೊಳ್ಳುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ನಿರ್ದೇಶನಾಲಯ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ-ಪಾಠ, ಬೆಳಗಿನ ತಿಂಡಿ, ಬಿಸಿಯೂಟ. ಆರು ತಿಂಗಳಿಂದ ಮೂರು ವರ್ಷದೊಳಗಿನ ಕೂಸುಗಳಿಗೆ, ಗರ್ಭಿಣಿ ಮತ್ತು ಬಾಣಂತಿಯರಿಗೆ ಆಹಾರ. ಶುಲ್ಕವಿಲ್ಲ. ಆರು ವರ್ಷದವರೆಗಿನ ಮಕ್ಕಳಿಗೆ ಈ ಆಹಾರ 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಹಕ್ಕು, ಯಾರ ಉಪಕಾರವೂ ಅಲ್ಲ. 'ಗೋವಾದ ರೇಷನ್ ಕಾರ್ಡ್ ಬೇಕಂತೆ', 'ಇಲ್ಲಿಯ ವೋಟರ್ ಲಿಸ್ಟಿನಲ್ಲಿ ಹೆಸರಿರಬೇಕಂತೆ' ಎಂಬ 'ಅಂತೆ'ಗಳನ್ನು ನಂಬಿ ಮನೆಯಲ್ಲಿ ಕೂರಬೇಡಿ. ಅವೆರಡೂ ಇಲ್ಲದೆ ಮಗುವನ್ನು ಸೇರಿಸಬಹುದು. ನೀವಿರುವ ವಾಡೆಯ ಅಂಗನವಾಡಿ ಎಲ್ಲಿದೆ ಎಂದು ಪಂಚಾಯತಿಯಲ್ಲಿ ಅಥವಾ ಪಕ್ಕದ ಮನೆಯವರಲ್ಲಿ ಕೇಳಿದರೆ ಸಾಕು.

ಇನ್ನು ಕಾಗದಪತ್ರ. ಆಧಾರ್ ವಿಷಯದಲ್ಲಿ ಗಾಬರಿ ಬೇಡ. ಮಗುವಿನ ಆಧಾರ್ ಇಲ್ಲದಿದ್ದರೆ ತಾಯಿಯ ಆಧಾರ್ ಮೇಲೆ ನೋಂದಣಿಯಾಗುತ್ತದೆ. ಊರಿನ ಅಂಗನವಾಡಿಯಲ್ಲಿ ಈಗಾಗಲೇ ಹೆಸರಿದ್ದರೆ ಅದನ್ನು ಮುಚ್ಚಿಡಬೇಡಿ. ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸುವ ಅವಕಾಶವಿದೆ. ಊರಲ್ಲಿ ಕೊಟ್ಟಿದ್ದ ಮೊಬೈಲ್ ನಂಬರು ಯಾವುದೆಂದು ನೆನಪಿರಲಿ. ತಾಯಿ ಕಾರ್ಡನ್ನು ಊರಲ್ಲೇ ಬಿಟ್ಟು ಬರಬೇಡಿ. ಲಸಿಕೆಯ ತಾರೀಖುಗಳೆಲ್ಲ ಅದರಲ್ಲಿವೆ, ಐದರಿಂದ ಆರು ವರ್ಷದ ನಡುವಿನ ಡಿಪಿಟಿ ಬೂಸ್ಟರ್ ಇನ್ನೂ ಬಾಕಿ ಇರುತ್ತದೆ.

ಹೆಚ್ಚು ತೊಂದರೆ ಕೊಡುವುದು ಜನನ ಪ್ರಮಾಣಪತ್ರ. ಅಂಗನವಾಡಿಗಿಂತ ಮುಂದೆ ಒಂದನೇ ತರಗತಿಯ ಹೊತ್ತಿಗೆ ಇದರ ಬಿಸಿ ತಟ್ಟುತ್ತದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನಾಂಕದ ದಾಖಲೆ ಎಂದರೆ ಇದೊಂದೇ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಸ್ಥಳದಲ್ಲಿ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಹುಬ್ಬಳ್ಳಿಯಲ್ಲಿ, ಫೋಂಡಾದಲ್ಲಿ ಹುಟ್ಟಿದ್ದರೆ ಫೋಂಡಾದಲ್ಲಿ. 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಏಕೆಂದರೆ ನೋಂದಣಿಯ ಹೊತ್ತಿಗೆ ನಾಮಕರಣ ಆಗಿರುವುದಿಲ್ಲ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಊರಿಗೆ ಹೋದಾಗ ಜಾತ್ರೆಯ ನಡುವೆ ಒಂದು ದಿನ ಇದಕ್ಕೆಂದೇ ಇಡಿ. ಹೆಸರಿನ ಸ್ಪೆಲ್ಲಿಂಗ್ ತಂದೆ-ತಾಯಿಯ ಆಧಾರಿನಲ್ಲಿ ಒಂದು, ಇದರಲ್ಲಿ ಇನ್ನೊಂದು ಆಗದಂತೆ ಅಲ್ಲೇ ಓದಿ ನೋಡಿ. ಕಚೇರಿಯ ಮೇಜಿನ ಆಚೆ ಕಡೆ ಬಹಳ ವರ್ಷ ಕೂತವರ ಮಾತಿದು: ಒಂದು ಅಕ್ಷರದ ತಪ್ಪು ತಿದ್ದಿಸುವುದಕ್ಕಿಂತ ಹೊಸ ಅರ್ಜಿ ಬರೆಯುವುದು ಸುಲಭ. ಹಾಗೆಂದು ಕಾಗದ ಬರುವವರೆಗೆ ಮಗುವನ್ನು ತಡೆಯಬೇಡಿ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಒಂದನೇ ತರಗತಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ.

ಭಾಷೆಯ ಚಿಂತೆ ತಾಯಂದಿರಿಗೆ ಹೆಚ್ಚು. ಇಲ್ಲಿ ಕೂಸಿನ ಕಿವಿಗೆ ಬೀಳುವುದು ಕೊಂಕಣಿ, ಮರಾಠಿ. ನಮ್ಮ ಕಡೆಯ ಅಕ್ಕೋರು ಇಲ್ಲಿ 'ಬಾಯ್' ಅಥವಾ 'ಟೀಚರ್'. ಮೊದಲ ವಾರ ಅಳು ಇದ್ದೇ ಇರುತ್ತದೆ. ಮಗು 'ಒಂದಕ್ಕ' ಎಂದರೆ ಟೀಚರಿಗೆ ತಿಳಿಯುವುದಿಲ್ಲ. ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದ ಮಗು ಮರುದಿನ ಹೋಗಲು ಹಟ ಮಾಡುತ್ತದೆ. ಆ ಮಾತಿನ ಅರ್ಥವನ್ನು ಮೊದಲ ದಿನವೇ ಅವರಿಗೆ ಹೇಳಿ ಬನ್ನಿ. ಮಗುವಿಗೂ ನಾಲ್ಕೈದು ಶಬ್ದ ಕಲಿಸಿ ಕಳಿಸಿ: ನೀರಿಗೆ ಉದಾಕ, ಹಸಿವೆಗೆ ಭೂಕ, ಊಟಕ್ಕೆ ಜೇವಣ, ಯೋ ಎಂದರೆ ಬಾ, ಬಸ ಎಂದರೆ ಕೂತುಕೋ. ಉಳಿದದ್ದನ್ನು ಮಕ್ಕಳು ಮಕ್ಕಳಿಂದಲೇ ಕಲಿಯುತ್ತಾರೆ, ನಮಗಿಂತ ಬೇಗ.

ಕನ್ನಡ ಮರೆತುಹೋಗುತ್ತದೆ ಎಂದು ಅಂಗನವಾಡಿ ಬಿಡಿಸುವುದು ನಮಗೆ ಸರಿ ಕಾಣುವುದಿಲ್ಲ. ಕನ್ನಡ ಉಳಿಸುವ ಕೆಲಸ ಮನೆಯದು. ಮಗುವಿನ ಜೊತೆ ಅರ್ಧಂಬರ್ಧ ಹಿಂದಿಯಲ್ಲಿ ಮಾತಾಡುವ ಹೊಸ ರೂಢಿಯನ್ನು ದಯವಿಟ್ಟು ಬಿಡಿ. ಇಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮುಂದೆ ಕಲಿಯಬೇಕಾದ್ದು ದೇವನಾಗರಿ ಲಿಪಿ. ಆ ಅಕ್ಷರಗಳ ಚಿತ್ರ, ಆ ಭಾಷೆಯ ಹಾಡು ಅಂಗನವಾಡಿಯಲ್ಲೇ ಪರಿಚಯವಾದ ಮಗುವಿಗೂ, ಆರು ವರ್ಷ ಖೋಲಿಯೊಳಗೆ ಬೆಳೆದು ನೇರ ತರಗತಿಗೆ ಹೋದ ಮಗುವಿಗೂ ಇರುವ ಅಂತರವನ್ನು ನಾವು ಕಣ್ಣಾರೆ ನೋಡಿದ್ದೇವೆ.

ಸುಗ್ಗಿಗೋ ಜಾತ್ರೆಗೋ ಊರಿಗೆ ಹೋಗುವಾಗ ಟೀಚರಿಗೆ ಹೇಳಿ ಹೋಗಿ, ಬರುವ ದಿನವನ್ನೂ ತಿಳಿಸಿ. ಹೇಳದೆ ತಿಂಗಳುಗಟ್ಟಲೆ ಹೋದರೆ ಮಗು ಊರು ಬಿಟ್ಟಿತೆಂದು ಅವರು ತಿಳಿದರೆ ತಪ್ಪು ಅವರದಲ್ಲ.

ಅರ್ಜಿ ತುಂಬಲು, ಟೀಚರ ಜೊತೆ ಕೊಂಕಣಿಯಲ್ಲಿ ಮಾತಾಡಲು ಜೊತೆ ಬೇಕಿದ್ದವರು ಸಂಘದ ಯಾವ ಸದಸ್ಯರಿಗಾದರೂ ತಿಳಿಸಿ, ನಾವು ಬರುತ್ತೇವೆ. ಮೂಲ ಕಾಗದಗಳ ಜೊತೆ ಎರಡೆರಡು ಝೆರಾಕ್ಸ್ ಇರಲಿ. ಮೂಲ ಪ್ರತಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ.